ಹಿಂದಿನ ಗೇರ್ ಸರಿಯಾಗಿ ಬೀಳ್ತಿಲ್ಲ, ಬ್ಯಾರೆಲ್ ತಿರುಗಿಸಿ ತಿರುಗಿಸಿ ಸಾಕಾಗಿದೆ

ಏರುದಾರಿ:
ಎಲ್ರಿಗೂ ನಮಸ್ಕಾರ. ನನ್ನ ರೋಡ್ ಬೈಕ್ ಹನ್ನೊಂದು ಸ್ಪೀಡಿಂದು, ಕೇಬಲ್ ಗೇರು, ಹಿಂದಿನ ಕ್ಯಾಸೆಟ್ (ಹಿಂದಿನ ಚಕ್ರದ ಹಲ್ಲಿನ ಚಕ್ರಗಳ ಗೊಂಚಲು, ಅದರಲ್ಲಿ ಒಂದೊಂದೂ ಒಂದು ಕಾಗ್) 11-28, ಅಂದ್ರೆ ಅತಿ ಚಿಕ್ಕ ಕಾಗಿಗೆ 11 ಹಲ್ಲು, ಅತಿ ದೊಡ್ಡದಕ್ಕೆ 28. ಎರಡು ವರ್ಷದಿಂದ ಓಡಿಸ್ತಿದೀನಿ, ಇಷ್ಟು ದಿನ ಒಂದು ತೊಂದರೆನೂ ಕೊಟ್ಟಿರ್ಲಿಲ್ಲ. ಈಗ ಮೂರು ವಾರದಿಂದ ತಲೆನೋವು ಶುರುವಾಗಿದೆ. ದೊಡ್ಡ ಕಾಗ್‌ನಿಂದ ಚಿಕ್ಕದಕ್ಕೆ ಇಳಿಸೋಕೆ ಒಂದು ಕ್ಲಿಕ್ ಒತ್ತಿದ್ರೆ ಏನೂ ಆಗಲ್ಲ, ಎರಡನೇ ಕ್ಲಿಕ್ ಒತ್ತಿದ್ರೆ ಒಟ್ಟಿಗೇ ಎರಡು ಕಾಗ್ ಇಳಿದುಬಿಡುತ್ತೆ. ಮೇಲಕ್ಕೆ ಹತ್ತಿಸೋದು ಮಾತ್ರ ಒಂದು ಮಟ್ಟಿಗೆ ಸರಿ ಇದೆ. ಏರು ಬಂದಾಗ ಎದ್ದು ನಿಂತು ತುಳಿದ್ರೆ ನಾನು ಏನೂ ಮುಟ್ಟದೇನೇ ಗೇರ್ ತಾನೇ ಬದಲಾಗುತ್ತೆ, ಕಾಲು ಜಾರಿದ ಹಾಗಾಗಿ ಎದೆ ಝಲ್ ಅನ್ನುತ್ತೆ.

ಕೇಬಲ್ ಬಿಗಿ ಹೆಚ್ಚು ಕಮ್ಮಿ ಮಾಡೋ ಬ್ಯಾರೆಲ್ ಅಡ್ಜಸ್ಟರ್ ತಿರುಗಿಸ್ದೆ, ಎರಡು ದಿನ ಸರಿ ಹೋಯ್ತು, ಮತ್ತೆ ಅದೇ ಕಥೆ. ಆಮೇಲೆ ಯಾವ್ದೋ ವಿಡಿಯೋ ನೋಡಿ ಚೈನನ್ನ ಒಂದು ಕಾಗಿಂದ ಇನ್ನೊಂದಕ್ಕೆ ಸರಿಸೋ ಡಿರೈಲರ್ ಹಿಂದೆ ಇರೋ ಎರಡು ಚಿಕ್ಕ ಸ್ಕ್ರೂನೂ ತಿರುಗಿಸಿದೀನಿ, ಎಷ್ಟು ತಿರುಗಿಸಿದೆ ಅಂತ ಈಗ ನೆನಪಿಲ್ಲ. ನಿನ್ನೆ ಚೈನು ದೊಡ್ಡ ಕಾಗ್ ದಾಟಿ ಸ್ಪೋಕ್ ಕಡೆ ಬಿತ್ತು. ನಿಧಾನಕ್ಕೆ ಹೋಗ್ತಿದ್ದೆ, ಅದಕ್ಕೇ ಬಚಾವ್ ಆದೆ. ಎಲ್ಲಿಂದ ಶುರು ಮಾಡ್ಲಿ ಹೇಳಿ ದಯವಿಟ್ಟು.

ಹಳೇ ಸ್ಪ್ಯಾನರ್:
ಮೊದ್ಲು ಒಂದು ಮಾತು, ಆ ಸ್ಪೋಕ್ ಕಡೆ ಬೀಳೋದು ಸರಿ ಮಾಡೋವರೆಗೂ ಗಾಡಿ ಹೊರಗೆ ತೆಗೀಬೇಡಿ. ವೇಗದಲ್ಲಿರುವಾಗ ಡಿರೈಲರ್ ಸ್ಪೋಕಿಗೆ ಸಿಕ್ಕಿದ್ರೆ ಡಿರೈಲರ್, ಅದನ್ನ ಫ್ರೇಮಿಗೆ ಹಿಡಿದಿರೋ ಹ್ಯಾಂಗರ್, ಚಕ್ರ ಮೂರೂ ಹೋಗುತ್ತೆ, ಅದು ಚಿಂತೆ ಇಲ್ಲ, ಹಿಂದಿನ ಚಕ್ರ ಅಲ್ಲೇ ಲಾಕ್ ಆಗಿ ನೀವು ಬೀಳ್ತೀರಲ್ಲ ಅದು ಚಿಂತೆ.

ಆ ಎರಡು ಸ್ಕ್ರೂ ಲಿಮಿಟ್ ಸ್ಕ್ರೂ. ಅವು ಬರೀ ಗೋಡೆ ಇದ್ದ ಹಾಗೆ, ಎಲ್ ಅನ್ನೋದು ಸ್ಪೋಕ್ ಕಡೆಯ ಗೋಡೆ, ಎಚ್ ಅನ್ನೋದು ಫ್ರೇಮ್ ಕಡೆಯ ಗೋಡೆ. ನಡುವಿನ ಒಂಬತ್ತು ಗೇರಿಗೂ ಅವಕ್ಕೂ ಸಂಬಂಧಾನೇ ಇಲ್ಲ. ಸರಿಯಾಗಿ ಓಡ್ತಿದ್ದ ಗಾಡಿಯಲ್ಲಿ ಅವು ತಾವಾಗೇ ಕೆಡೋದು ನಾನಂತೂ ನೋಡಿಲ್ಲ, ಹಾಗಾಗಿ ನಡು ಗೇರು ಕೆಟ್ಟಾಗ ಆ ಸ್ಕ್ರೂ ಮುಟ್ಟಿದ್ರೆ ಇದ್ದ ಒಂದು ತೊಂದರೆ ಎರಡಾಗುತ್ತೆ ಅಷ್ಟೇ.

ಈಗ ಹೀಗೆ ಮಾಡಿ. ಗಾಡಿನ ಸ್ಟ್ಯಾಂಡಿಗೆ ಹಾಕಿ, ಹಿಂದಿನಿಂದ ಕೂತು ನೋಡಿ. ಅತಿ ಚಿಕ್ಕ ಕಾಗಲ್ಲಿ ಚೈನ್ ಇರುವಾಗ ಡಿರೈಲರ್‌ನ ಮೇಲಿನ ಪುಟ್ಟ ಚಕ್ರ ಆ ಕಾಗ್‌ನ ಹೊರ ಅಂಚಿನ ನೇರಕ್ಕೆ ಇರ್ಬೇಕು, ಅದು ಎಚ್. ಅತಿ ದೊಡ್ಡ ಕಾಗಲ್ಲಿ ಇರುವಾಗ ಅದರ ಸರೀ ಕೆಳಗೆ ಇರ್ಬೇಕು, ಅದು ಎಲ್. ಎಲ್ ಕೂರಿಸಿದ ಮೇಲೆ ಡಿರೈಲರನ್ನ ಕೈಯಲ್ಲೇ ಸ್ಪೋಕ್ ಕಡೆ ಒತ್ತಿ ಪೆಡಲ್ ತಿರುಗಿಸಿ, ಎಷ್ಟು ಒತ್ತಿದ್ರೂ ಚೈನ್ ಆಚೆ ದಾಟಬಾರ್ದು. ದಾಟ್ತಿದ್ರೆ ಎಲ್ ಸ್ಕ್ರೂನ ಕಾಲು ಕಾಲು ಸುತ್ತು ಬಿಗಿ ಮಾಡ್ತಾ ಬನ್ನಿ.

ಅದಾದ ಮೇಲೆ ಅಸಲಿ ವಿಷಯಕ್ಕೆ ಬರೋಣ. ಮೇಲಕ್ಕೆ ಹತ್ತಿಸೋದು ಸರಿ, ಕೆಳಕ್ಕೆ ಇಳಿಯೋದು ತಡ ಅಂದ್ರಲ್ಲ, ಅದು ತುಂಬಾ ದೊಡ್ಡ ಸುಳಿವು. ಹತ್ತಿಸುವಾಗ ನಿಮ್ಮ ಬೆರಳಿನ ಬಲ ಕೇಬಲನ್ನ ಎಳೆಯುತ್ತೆ, ಎಲ್ಲಿ ಬಿಗಿ ಇದ್ರೂ ಬಲದಲ್ಲಿ ದಾಟಿಬಿಡುತ್ತೆ. ಇಳಿಸುವಾಗ ನಿಮ್ಮ ಬೆರಳು ಬರೀ ಬಿಡುಗಡೆ ಮಾಡುತ್ತೆ, ಕೇಬಲನ್ನ ವಾಪಸ್ ಎಳ್ಕೊಳ್ಳೋದು ಡಿರೈಲರ್‌ನ ಸ್ಪ್ರಿಂಗ್. ಆ ಸ್ಪ್ರಿಂಗಿಗೆ ಅಷ್ಟು ಶಕ್ತಿ ಇರಲ್ಲ. ಕೇಬಲ್ ಮೇಲಿನ ಕವಚ, ಅಂದ್ರೆ ಔಟರ್ ಒಳಗೆ ತುಕ್ಕು, ಧೂಳು, ಎಲ್ಲಾದ್ರೂ ಮಡಿಕೆ ಇದ್ರೆ ಕೇಬಲ್ ಅಲ್ಲೇ ಕಚ್ಕೊಂಡು ನಿಲ್ಲುತ್ತೆ, ಎರಡನೇ ಕ್ಲಿಕ್ಕಿಗೆ ಒಟ್ಟಿಗೇ ಜಾರುತ್ತೆ.

ಸರಪಳಿ ಸದ್ದು:
ಚೈನ್ ಸವೆದಿದ್ಯಾ ನೋಡಿದ್ರಾ? ಗೇಜ್ ಇಲ್ಲದಿದ್ರೆ ಸ್ಟೀಲ್ ಸ್ಕೇಲ್ ಸಾಕು. ಒಂದು ಪಿನ್ನಿನ ನಡುವಿಂದ ಹನ್ನೆರಡು ಇಂಚು ಅಳೆದ್ರೆ ಇನ್ನೊಂದು ಪಿನ್ನಿನ ನಡುವಿಗೇ ಸರಿಯಾಗಿ ಬರ್ಬೇಕು. ಹದಿನಾರನೇ ಒಂದು ಇಂಚು ಆಚೆ ಹೋಗಿದ್ರೆ 0.5 ಶೇಕಡಾ ಸವೆತ ಅಂತ ಲೆಕ್ಕ, ಹನ್ನೊಂದು ಸ್ಪೀಡಿಗೆ ಅಲ್ಲಿಗೆ ಬದಲಾಯಿಸೋದು ಒಳ್ಳೇದು.

ಏರುದಾರಿ:
@ಹಳೇ ಸ್ಪ್ಯಾನರ್ ತುಂಬಾ ಥ್ಯಾಂಕ್ಸ್ ಸರ್. ಎಲ್ ಸ್ಕ್ರೂ ಮುಕ್ಕಾಲು ಸುತ್ತು ಒಳಗೆ ತಗೊಂಡ ಮೇಲೆ ಚೈನ್ ಆಚೆ ಹೋಗ್ತಿಲ್ಲ, ಕೈಯಲ್ಲಿ ಒತ್ತಿದ್ರೂ ಹೋಗ್ತಿಲ್ಲ.
@ಸರಪಳಿ ಸದ್ದು ಚೈನ್ ಅಳೆದೆ, ಪಿನ್ ಸರಿಯಾಗಿ ಹನ್ನೆರಡರ ಗೆರೆ ಮೇಲೇ ಇದೆ, ಹಾಕಿ ನಾಲ್ಕು ತಿಂಗಳು ಆಯ್ತಷ್ಟೆ.

ಆದ್ರೆ ಇನ್ನೊಂದು ಗಮನಿಸಿದೆ. ಚಿಕ್ಕ ಕಾಗ್‌ಗಳಲ್ಲಿ ಸದ್ದಿಲ್ಲದ ಹಾಗೆ ಬ್ಯಾರೆಲ್ ಕೂರಿಸಿದ್ರೆ ದೊಡ್ಡ ಕಾಗ್‌ಗಳಲ್ಲಿ ಕರಕರ ಅನ್ನುತ್ತೆ, ದೊಡ್ಡದರಲ್ಲಿ ಸರಿ ಮಾಡಿದ್ರೆ ಚಿಕ್ಕದರಲ್ಲಿ ಕರಕರ. ಎರಡೂ ಕಡೆ ಒಟ್ಟಿಗೆ ಸರಿ ಆಗ್ತಾನೇ ಇಲ್ಲ.

ನಡುರಾತ್ರಿ ರಿಪೇರಿ:
ಆ ಕೊನೇ ಮಾತು ಕೇಳಿದ್ರೆ ಹ್ಯಾಂಗರ್ ಬಗ್ಗಿದೆ ಅನ್ಸುತ್ತೆ. ಗಾಡಿ ಯಾವಾಗಾದ್ರೂ ಬಲಕ್ಕೆ ಬಿದ್ದಿತ್ತಾ? ನೀವು ಓಡಿಸುವಾಗಲೇ ಬೀಳ್ಬೇಕು ಅಂತಿಲ್ಲ, ಗೋಡೆಗೆ ಒರಗಿಸಿದ್ದು ಜಾರಿದ್ರೂ ಸಾಕು. ಹ್ಯಾಂಗರ್ ಮೆತ್ತನೆ ಅಲ್ಯೂಮಿನಿಯಂದು, ಫ್ರೇಮ್ ಉಳೀಲಿ ಅಂತ ತಾನು ಬಗ್ಗೋಕೇ ಇರೋದು. ಹಾಗೇ ಹಿಂದಿನ ಚಕ್ರ ತೆಗೆದು ಹಾಕಿದ್ರಾ? ಕ್ವಿಕ್ ರಿಲೀಸ್ ಇರೋ ಗಾಡಿಲಿ ಆಕ್ಸೆಲ್ ಸ್ಲಾಟ್ ಒಳಗೆ ಪೂರ್ತಿ ಕೂತಿಲ್ಲ ಅಂದ್ರೂ ಇದೇ ಥರ ಆಗುತ್ತೆ. ಗಾಡಿ ನೆಲದ ಮೇಲೆ ಇಟ್ಟು, ಲಿವರ್ ಬಿಚ್ಚಿ, ಸೀಟಿನ ಮೇಲೆ ಸ್ವಲ್ಪ ಭಾರ ಹಾಕಿ ಮತ್ತೆ ಬಿಗಿ ಮಾಡಿ ನೋಡಿ.

ಏರುದಾರಿ:
ಹೌದು! ಒಂದು ತಿಂಗಳ ಹಿಂದೆ ಬಲಕ್ಕೆ ಬಿದ್ದಿತ್ತು. ಹ್ಯಾಂಡಲ್ ಟೇಪ್ ಮಾತ್ರ ಸ್ವಲ್ಪ ಕಿತ್ತಿದ್ದಕ್ಕೆ ಬೇರೇನೂ ಆಗಿಲ್ಲ ಅಂದ್ಕೊಂಡಿದ್ದೆ. ಬರೀ ಕಣ್ಣಲ್ಲಿ ನೋಡಿದ್ರೆ ಹ್ಯಾಂಗರ್ ನೆಟ್ಟಗೇ ಕಾಣ್ಸುತ್ತೆ.

ಹಳೇ ಸ್ಪ್ಯಾನರ್:
ಕಣ್ಣಿಗೆ ಗೊತ್ತಾಗಲ್ಲ. ಲೆಕ್ಕ ನೋಡಿ, ಶಿಮಾನೋ ಎಂಟು ಸ್ಪೀಡ್ ಕ್ಯಾಸೆಟ್‌ನಲ್ಲಿ ಒಂದು ಕಾಗ್ ನಡುವಿಂದ ಮುಂದಿನ ಕಾಗ್ ನಡುವಿಗೆ 4.8 ಮಿಲಿಮೀಟರ್ ಇರ್ತಿತ್ತು, ಹನ್ನೊಂದರಲ್ಲಿ ಅದು 3.74 ಮಿಲಿಮೀಟರ್. ಒಂದು ಕ್ಲಿಕ್ಕಿಗೆ ಶಿಫ್ಟರ್ ಎಳೆಯೋ ಕೇಬಲ್ 2.7 ಮಿಲಿಮೀಟರ್ ಆಸುಪಾಸು. ಇಷ್ಟು ಸಣ್ಣ ಅಳತೆಯಲ್ಲಿ ಹ್ಯಾಂಗರ್ ಒಂದು ಎಳೆ ಓರೆ ಆದ್ರೂ ಡಿರೈಲರ್ ಕ್ಯಾಸೆಟ್‌ಗೆ ಸಮಾನಾಂತರವಾಗಿ ಓಡಲ್ಲ, ಒಂದು ತುದಿಯಲ್ಲಿ ಹೊಂದಿದ್ದು ಇನ್ನೊಂದು ತುದಿಯಲ್ಲಿ ತಪ್ಪುತ್ತೆ. ನೀವು ಹೇಳಿದ್ದು ಅದೇ.

ನೋಡೋಕೆ ಹ್ಯಾಂಗರ್ ಅಲೈನ್‌ಮೆಂಟ್ ಟೂಲ್ ಬೇಕು. ಡಿರೈಲರ್ ಬಿಚ್ಚಿ ಅದರ ಜಾಗಕ್ಕೆ ಟೂಲ್ ತಿರುಪಿ, ಅದರ ಕೈನ ರಿಮ್ ಪಕ್ಕಕ್ಕೆ ತಂದು ಮೇಲೆ, ಕೆಳಗೆ, ಮುಂದೆ, ಹಿಂದೆ ನಾಲ್ಕು ಕಡೆ ರಿಮ್ಮಿಗೂ ಟೂಲಿಗೂ ಇರೋ ಸಂದಿ ನೋಡೋದು. ರಿಮ್ಮಿನ ಒಂದೇ ಜಾಗ ಗುರುತು ಮಾಡ್ಕೊಂಡು ಚಕ್ರನೂ ಜೊತೆಗೇ ತಿರುಗಿಸಿ, ಇಲ್ಲಾಂದ್ರೆ ರಿಮ್ಮಿನ ಓಲಾಟನೂ ಲೆಕ್ಕಕ್ಕೆ ಸೇರುತ್ತೆ. ನಾನು ಮೂರ್ನಾಲ್ಕು ಮಿಲಿಮೀಟರ್ ಒಳಗೆ ಬಂದ್ರೆ ಬಿಡ್ತೀನಿ.

ಎರಡು ಚಕ್ರ:
ಟೂಲ್ ಇಲ್ಲದೋರಿಗೆ ಒಂದು ಉಪಾಯ ಇದೆ. ಗಟ್ಟಿ ಆಕ್ಸೆಲ್ ಇರೋ, ನಟ್ ಹಾಕೋ ಥರದ ಹಳೇ ಹಿಂದಿನ ಚಕ್ರ ಇದ್ರೆ ಅದರ 10 ಮಿಲಿಮೀಟರ್ ಆಕ್ಸೆಲ್ ತಿರುಪು ಸಾಮಾನ್ಯವಾಗಿ ಹ್ಯಾಂಗರ್‌ನ ತಿರುಪಿಗೆ ಹೊಂದುತ್ತೆ. ಆ ಚಕ್ರನ ಹ್ಯಾಂಗರ್‌ಗೇ ತಿರುಪಿ ನಿಲ್ಲಿಸಿದ್ರೆ ಎರಡು ಚಕ್ರ ಪಕ್ಕಪಕ್ಕ ನಿಲ್ಲುತ್ತೆ, ಎರಡೂ ಸಮಾನಾಂತರ ಇದ್ಯಾ ಅಂತ ಸುತ್ತ ಸ್ಕೇಲ್ ಹಿಡಿದು ನೋಡಬಹುದು. ಕೈಯಲ್ಲೇ ತಿರುಪಿ, ಮೊದಲ ಸುತ್ತಲ್ಲೇ ಬಿಗಿ ಅನ್ಸಿದ್ರೆ ನಿಲ್ಸಿ, ತಿರುಪು ಹಾಳಾದ್ರೆ ಹೊಸ ಹ್ಯಾಂಗರೇ ಗತಿ. ನೆಟ್ಟಗೆ ಮಾಡುವಾಗ ಹಿಂದೆ ಮುಂದೆ ಹತ್ತು ಸಲ ಬಗ್ಗಿಸ್ಬೇಡಿ, ಅಲ್ಯೂಮಿನಿಯಂ ದಣಿದು ಮುರಿಯುತ್ತೆ.

ಏರುದಾರಿ:
ಐದು ದಿನ ಆದ್ಮೇಲೆ ಬರ್ತಿದೀನಿ. ಗೆಳೆಯನ ಹತ್ರ ಟೂಲ್ ಸಿಕ್ತು. ಮೇಲಿನ ಸಂದಿಗೂ ಕೆಳಗಿನ ಸಂದಿಗೂ ಒಂಬತ್ತು ಮಿಲಿಮೀಟರ್ ವ್ಯತ್ಯಾಸ ಇತ್ತು! ಬಗ್ಗಿದ್ದು ಒಳಗಡೆಗೇ, ಸ್ಪೋಕ್ ಕಡೆಗೆ. ನಿಧಾನಕ್ಕೆ ಎಳೆದು ಎರಡು ಮಿಲಿಮೀಟರಿಗೆ ತಂದೆ. ಕರಕರ ಸದ್ದು ಪೂರ್ತಿ ಹೋಯ್ತು, ದೊಡ್ಡ ಕಾಗ್ ಚಿಕ್ಕ ಕಾಗ್ ಎರಡೂ ಕಡೆ ಸದ್ದಿಲ್ಲ. ಆದ್ರೆ ಇಳಿಸುವಾಗ ತಡ ಆಗೋದು ಮಾತ್ರ ಹಾಗೇ ಇದೆ.

ಹಳೇ ಸ್ಪ್ಯಾನರ್:
ಒಳ್ಳೆ ಕೆಲಸ. ಹ್ಯಾಂಗರ್ ನೆಟ್ಟಗಾದ ಮೇಲೆ ಎಲ್ ಎಚ್ ಎರಡನ್ನೂ ಮತ್ತೆ ಕೂರಿಸಿ, ಮೊದಲು ಮಾಡಿದ್ದು ಬಗ್ಗಿದ ಹ್ಯಾಂಗರ್ ಮೇಲೆ ಮಾಡಿದ್ದು. ಮೇಲಿನ ಪುಟ್ಟ ಚಕ್ರಕ್ಕೂ ಅತಿ ದೊಡ್ಡ ಕಾಗಿಗೂ ನಡುವೆ ಐದಾರು ಮಿಲಿಮೀಟರ್ ಸಂದಿ ಇರೋ ಹಾಗೆ ಆ ಸಂದಿ ಹೊಂದಿಸೋ ಬಿ ಸ್ಕ್ರೂನೂ ನೋಡ್ಕೊಳ್ಳಿ.

ಈಗ ಕೇಬಲ್. ಫ್ರೇಮ್ ಮೇಲೆ ಕೇಬಲ್ ಹೊರಗೇ ಕಾಣೋ ಗಾಡಿ ಆಗಿದ್ರೆ ಬಿಚ್ಚದೇನೇ ನೋಡಬಹುದು. ಪೆಡಲ್ ತುಳಿದು ಅತಿ ದೊಡ್ಡ ಕಾಗಿಗೆ ಹಾಕಿ. ತುಳಿಯೋದು ನಿಲ್ಸಿ. ಈಗ ಚಕ್ರ ತಿರುಗಿಸದೇ ಶಿಫ್ಟರನ್ನ ಕೊನೇವರೆಗೂ ಇಳಿಸ್ತಾ ಬನ್ನಿ. ಡಿರೈಲರ್ ಅಲ್ಲೇ ಇರುತ್ತೆ, ಕೇಬಲ್ ಸಡಿಲ ಆಗುತ್ತೆ. ಆಗ ಔಟರ್ ತುದಿನ ಫ್ರೇಮ್‌ನ ಸ್ಲಾಟಿಂದ ಆಚೆ ತೆಗೀಬಹುದು. ಒಂದೊಂದೇ ತುಂಡು ಔಟರನ್ನ ಕೇಬಲ್ ಮೇಲೆ ಜಾರಿಸಿ ನೋಡಿ. ಸಲೀಸಾಗಿ ಜಾರ್ಬೇಕು. ಎಲ್ಲಿ ಕೈಗೆ ಮರಳು ಸಿಕ್ಕಿದ ಹಾಗೆ ಅನ್ಸುತ್ತೋ ಅಲ್ಲೇ ಇದೆ ರೋಗ. ಡಿರೈಲರ್ ಹತ್ರ ಅರ್ಧಚಂದ್ರದ ಥರ ಬಾಗಿರೋ ಕೊನೇ ತುಂಡು ಮೊದ್ಲು ನೋಡಿ, ಹಿಂದಿನ ಚಕ್ರ ಎರಚೋ ಕೆಸರು ನೀರು ಪೂರ್ತಿ ಅಲ್ಲಿಗೇ. ಬಾಟಮ್ ಬ್ರಾಕೆಟ್ (ಪೆಡಲ್ ತೋಳುಗಳ ಅಚ್ಚು ಕೂರೋ ಜಾಗ) ಕೆಳಗೆ ಕೇಬಲ್ ಹೋಗೋ ಪ್ಲಾಸ್ಟಿಕ್ ಗೈಡ್‌ನೂ ಮರೀಬೇಡಿ, ಬಾಟಲಿಂದ ಚೆಲ್ಲಿದ ಸಕ್ಕರೆ ನೀರು, ಬೆವರು ಎಲ್ಲಾ ಇಳಿದು ಅಲ್ಲಿ ಅಂಟು ಆಗಿರುತ್ತೆ.

ಸರಪಳಿ ಸದ್ದು:
ಔಟರ್ ಒಳಗೆ ನಾಲ್ಕು ಹನಿ ಎಣ್ಣೆ ಬಿಟ್ರೆ ಆಗಲ್ವಾ? ನಾನು ಹಾಗೇ ಮಾಡ್ತೀನಿ.

ನಡುರಾತ್ರಿ ರಿಪೇರಿ:
ನಾನು ಒಪ್ಪಲ್ಲ. ಈಗಿನ ಗೇರ್ ಔಟರ್ ಒಳಗೆ ನುಣುಪಾದ ಪ್ಲಾಸ್ಟಿಕ್ ಪದರ ಇರುತ್ತೆ. ಚೈನ್ ಎಣ್ಣೆ ಬಿಟ್ರೆ ಒಂದು ವಾರ ಬೆಣ್ಣೆ ಥರ ಓಡುತ್ತೆ, ಆಮೇಲೆ ಧೂಳು ಸೇರಿ ಕಪ್ಪು ಮುದ್ದೆ ಆಗಿ ಮೊದಲಿಗಿಂತ ಕಷ್ಟ ಆಗುತ್ತೆ. ತುಕ್ಕು ಹಿಡಿದ ತುಂಡಿಗೆ ಎಣ್ಣೆ ಬಿಟ್ಟು ಜೀವ ತುಂಬೋ ಬದಲು ಒಂದು ಗೇಣು ಹೊಸ ಔಟರ್ ಹಾಕಿ.

ಸರಪಳಿ ಸದ್ದು:
ನನ್ನ ಗಾಡಿಲಿ ವರ್ಷಕ್ಕೊಂದು ಸಲ ಎಣ್ಣೆ ಬಿಟ್ಟು ಓಡಿಸಿದೀನಿ, ತೊಂದರೆ ಆಗಿಲ್ಲ. ಆದ್ರೆ ನನ್ನದು ಎಂಟು ಸ್ಪೀಡು, ಅದಕ್ಕೇ ಇರ್ಬೋದು. ಹನ್ನೊಂದಕ್ಕೆ ನಿಮ್ಮ ಮಾತೇ ಸರಿ ಅನ್ಸುತ್ತೆ.

ಹಳೇ ಸ್ಪ್ಯಾನರ್:
ಹೊಸ ತುಂಡು ಹಾಕೋದಾದ್ರೆ ಎರಡು ವಿಷಯ. ಒಂದು, ಬ್ರೇಕ್ ಔಟರ್ ಬೇರೆ, ಗೇರ್ ಔಟರ್ ಬೇರೆ. ಬ್ರೇಕಿಂದರಲ್ಲಿ ಸುರುಳಿ ಸುತ್ತಿದ ತಂತಿ ಇರುತ್ತೆ, ಎಳೆದಾಗ ಸ್ವಲ್ಪ ಕುಗ್ಗುತ್ತೆ, ಗೇರಿಗೆ ಹಾಕಿದ್ರೆ ಗೇರ್ ಕೂರಲ್ಲ. ಗೇರಿಂದರಲ್ಲಿ ತಂತಿಗಳು ಉದ್ದಕ್ಕೆ ಇರುತ್ವೆ, ಕುಗ್ಗಲ್ಲ, ಆದ್ರೆ ಜೋರು ಬ್ರೇಕ್ ಹಿಡಿದಾಗ ಸಿಡಿದುಬಿಡುತ್ತೆ. ಮನೇಲಿ ಇದ್ದ ತುಂಡು ಅಂತ ಅದಲು ಬದಲು ಮಾಡೋಕೇ ಹೋಗ್ಬೇಡಿ, ಬ್ರೇಕಿಗೆ ಗೇರ್ ಔಟರ್ ಹಾಕೋದಂತೂ ಪ್ರಾಣಕ್ಕೆ ಅಪಾಯ.

ಎರಡು, ಕತ್ತರಿಸಿದ ತುದಿ. ಸಾದಾ ಇಕ್ಕಳದಲ್ಲಿ ಕತ್ತರಿಸಿದ್ರೆ ಬಾಯಿ ಚಪ್ಪಟೆ ಆಗುತ್ತೆ, ಒಳಗಿನ ಪ್ಲಾಸ್ಟಿಕ್ ಪದರ ಮುಚ್ಕೊಳ್ಳುತ್ತೆ. ಕೇಬಲ್ ಕಟರ್ ಬಳಸಿ, ತುದಿನ ಅರದಲ್ಲಿ ಸಮ ಮಾಡಿ, ದಬ್ಬಳ ತೂರಿಸಿ ಬಾಯಿನ ಮತ್ತೆ ದುಂಡಗೆ ಮಾಡಿ, ಆಮೇಲೆ ಟೋಪಿ ಹಾಕಿ. ಹಳೇ ತುಂಡಿನ ಉದ್ದಾನೇ ಇರಲಿ. ಗಿಡ್ಡ ಮಾಡಿದ್ರೆ ಬಾಗು ತೀರಾ ಬಿಗಿ ಆಗುತ್ತೆ.

ಇಳಿಜಾರು:
ನಡುವೆ ಬಾಯಿ ಹಾಕ್ತಿದೀನಿ, ಕ್ಷಮಿಸಿ. ನನಗೆ ಗೇರ್ ಬದಲಾಯಿಸುವಾಗ ತೊಂದರೆ ಇಲ್ಲ, ಜೋರಾಗಿ ತುಳಿದಾಗ ಮಾತ್ರ ನಡುವಿನ ಎರಡು ಕಾಗಲ್ಲಿ ಚೈನ್ ಹಲ್ಲಿನ ಮೇಲೆ ಹಾರುತ್ತೆ. ಹೊಸ ಚೈನ್ ಹಾಕಿದ ದಿನದಿಂದಾನೇ. ಇದೂ ಕೇಬಲ್ ತೊಂದರೆನಾ?

ಹಳೇ ಸ್ಪ್ಯಾನರ್:
ಅಲ್ಲ, ಅದು ಸವೆದ ಕ್ಯಾಸೆಟ್. ಹೆಚ್ಚು ಬಳಸಿದ ಕಾಗ್‌ಗಳ ಹಲ್ಲು ಹಳೇ ಚೈನಿನ ಜೊತೆಗೇ ಸವೆದಿರುತ್ತೆ, ಹೊಸ ಚೈನ್ ಅದಕ್ಕೆ ಕೂರಲ್ಲ. ಎಷ್ಟು ಅಡ್ಜಸ್ಟ್ ಮಾಡಿದ್ರೂ ಹೋಗಲ್ಲ, ಕ್ಯಾಸೆಟ್ ಬದಲಾಯಿಸ್ಬೇಕು. ಪೆಡಲ್ ಎರಡು ಮೂರು ಸುತ್ತಿಗೊಂದು ಸಲ, ಯಾವ ಗೇರಲ್ಲಿದ್ರೂ, ತಪ್ಪದೇ ಹಾರ್ತಿದ್ರೆ ಮಾತ್ರ ಬಿಗಿಯಾದ ಕೊಂಡಿ ಹುಡುಕಿ, ಚೈನನ್ನ ನಿಧಾನಕ್ಕೆ ಹಿಂದಕ್ಕೆ ತಿರುಗಿಸಿದ್ರೆ ಆ ಕೊಂಡಿ ಡಿರೈಲರ್ ಚಕ್ರದ ಹತ್ರ ನೆಟ್ಟಗಾಗದೇ ಕಾಣ್ಸುತ್ತೆ.

ಏರುದಾರಿ:
ಅಪ್ಡೇಟ್. ಕೊನೇ ತುಂಡು ತೆಗೆದ್ರೆ ಒಳಗಿಂದ ಕಂದು ಬಣ್ಣದ ನೀರು ಬಂತು, ಕೇಬಲ್ ಮೇಲೆ ಎರಡು ಬೆರಳಗಲ ತುಕ್ಕು. ಕೇಬಲನ್ನ ಒರೆಸಿ ಅದನ್ನೇ ಉಳಿಸ್ಕೊಂಡೆ, ಔಟರ್ ಹೊಸದು ಹಾಕಿದೆ, ಕೆಳಗಿನ ಗೈಡನ್ನೂ ತೊಳೆದೆ. ಆಹಾ, ಒಂದು ಕ್ಲಿಕ್ಕಿಗೆ ಟಕ್ ಅಂತ ಒಂದು ಗೇರು. ನಿಮ್ಮೆಲ್ರಿಗೂ ತುಂಬಾ ತುಂಬಾ ಧನ್ಯವಾದ!!

ಏರುದಾರಿ:
ಖುಷಿ ನಾಲ್ಕೇ ದಿನ. ಈಗ ತೊಂದರೆ ಉಲ್ಟಾ ಆಗಿದೆ. ಇಳಿಯೋದು ಸಲೀಸು, ಹತ್ತೋದು ತಡ, ಲಿವರ್ ಪೂರ್ತಿ ಒತ್ತಿದ್ರೂ ದೊಡ್ಡ ಕಾಗಿಗೆ ಹೋಗೋಕೆ ಒದ್ದಾಡುತ್ತೆ. ಬ್ಯಾರೆಲ್ ಅರ್ಧ ಸುತ್ತು ಬಿಚ್ಚಿದ್ರೆ ಸರಿ, ಮಾರನೇ ದಿನ ಮತ್ತೆ ಅರ್ಧ ಸುತ್ತು. ಹೊಸ ಔಟರ್ ಕೂರೋಕೆ ಟೈಮ್ ಬೇಕಾ?

ನಡುರಾತ್ರಿ ರಿಪೇರಿ:
ಹೊಸ ಔಟರ್ ಮತ್ತೆ ಟೋಪಿಗಳು ಒಂದು ಸಲ ಕೂರುತ್ವೆ, ಒಂದೆರಡು ಸವಾರಿ ಆದ್ಮೇಲೆ ಅರ್ಧ ಸುತ್ತು ಬೇಕಾಗೋದು ಸಹಜ. ದಿನಾ ಬೇಕು ಅಂದ್ರೆ ಸಹಜ ಅಲ್ಲ. ಡಿರೈಲರ್ ಹತ್ರ ಕೇಬಲ್ ಹಿಡಿಯೋ ಬೋಲ್ಟ್ ಬಿಗಿ ಇದ್ಯಾ ನೋಡಿ, ಆರು ಏಳು ನ್ಯೂಟನ್ ಮೀಟರ್ ಸಾಕು. ಕೇಬಲ್ ಅದರ ಕೆಳಗಿರೋ ತೋಡಲ್ಲೇ ಕೂತಿದ್ಯಾ ಅಂತನೂ ನೋಡಿ, ತಪ್ಪು ಪಕ್ಕಕ್ಕೆ ಹಾಕಿದ್ರೆ ಪ್ರತಿ ಕ್ಲಿಕ್ಕಿನ ಅಳತೆನೇ ಬದಲಾಗುತ್ತೆ.

ಏರುದಾರಿ:
ಬೋಲ್ಟ್ ಬಿಗಿ ಇದೆ, ಕೇಬಲ್ ತೋಡಲ್ಲೇ ಇದೆ. ಬೋಲ್ಟ್ ಪಕ್ಕ ಮಾರ್ಕರಲ್ಲಿ ಗುರುತು ಹಾಕಿ ಓಡಿಸಿದೆ, ಗುರುತು ಜಾರಿಲ್ಲ. ಆದ್ರೂ ಕೇಬಲ್ ಸಡಿಲ ಆಗಿದೆ.

ಹಳೇ ಸ್ಪ್ಯಾನರ್:
ಗುರುತು ಹಾಕಿದ್ದು ಬಹಳ ಒಳ್ಳೇದಾಯ್ತು. ಆ ತುದಿ ಜಾರಿಲ್ಲ, ಔಟರ್ ಹೊಸದು, ಆದ್ರೂ ದಿನಾ ಉದ್ದ ಆಗ್ತಿದೆ. ಹಾಗಿದ್ರೆ ಕೇಬಲ್ ಇನ್ನೊಂದು ತುದಿಯಲ್ಲಿ ಎಳೆ ಎಳೆಯಾಗಿ ತುಂಡಾಗ್ತಿದೆ. ಇವತ್ತು ಓಡಿಸಬೇಡಿ. ಹ್ಯಾಂಡಲ್ ಮೇಲೆ ಬ್ರೇಕ್, ಗೇರ್ ಲಿವರ್ ಕೂತಿರೋ ಬಲಗಡೆ ಹುಡ್‌ನ ರಬ್ಬರ್ ಹಿಂದಕ್ಕೆ ಮಡಚಿ, ಟಾರ್ಚ್ ಹಾಕಿ, ಲಿವರ್ ಒತ್ತಿ ಬಿಟ್ಟು ಕೇಬಲ್ ತಲೆ ಕೂರೋ ಜಾಗ ನೋಡಿ. ಕೇಬಲ್ ಅಲ್ಲಿ ಸಣ್ಣ ಡ್ರಮ್ ಸುತ್ತ ತೀರಾ ಬಿಗಿಯಾಗಿ ಬಾಗುತ್ತೆ, ಪ್ರತಿ ಕ್ಲಿಕ್ಕಿಗೂ ಅದೇ ಜಾಗ ಬಗ್ಗಿ ನೆಟ್ಟಗಾಗುತ್ತೆ.

ಏರುದಾರಿ:
ನೋಡ್ದೆ. ಸರ್, ನೀವು ಹೇಳಿದ್ದು ಅಕ್ಷರಶಃ ನಿಜ. ತಲೆಯಿಂದ ಒಂದು ಸೆಂಟಿಮೀಟರ್ ದೂರದಲ್ಲಿ ಕೇಬಲ್ ಪೊರಕೆ ಥರ ಬಿಚ್ಕೊಂಡಿದೆ. ಎಣಿಸಿದೆ, ಏಳು ಎಳೆ ತುಂಡಾಗಿ ಹೊರಗೆ ಚಾಚಿದೆ, ಅದರಲ್ಲಿ ಒಂದು ಎಳೆ ಡ್ರಮ್ ಒಳಗೆ ಸಿಕ್ಕಿದೆ, ಬೆರಳಿಗೆ ಚುಚ್ಚಿ ರಕ್ತ ಬಂತು. ಮೊದಲಿಂದ ಇಳಿಯೋದು ತಡ ಆಗ್ತಿದ್ದಕ್ಕೂ ಈ ಎಳೆಗಳು ಅಲ್ಲಿ ಉಜ್ಜುತ್ತಿದ್ದದ್ದೂ ಸೇರಿತ್ತು ಅನ್ಸುತ್ತೆ. ಉಳಿದಿರೋದು ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೆ. ಹೇಗೆ ಹೊರಗೆ ತೆಗೀಲಿ?

ಹಳೇ ಸ್ಪ್ಯಾನರ್:
ಈಗ ಅವಸರ ಬೇಡ, ಇದೇ ನಾಜೂಕಿನ ಜಾಗ. ಕೇಬಲ್ ಒಳಗೆ ಪೂರ್ತಿ ತುಂಡಾದ್ರೆ ತಲೆ ಡ್ರಮ್ಮಲ್ಲೇ ಸಿಕ್ಕಿ ಶಿಫ್ಟರೇ ಹಾಳಾಗಬಹುದು, ಹಾಗಾಗಿ ಗೇರ್ ಮೇಲಕ್ಕೆ ಹತ್ತಿಸೋಕೇ ಹೋಗ್ಬೇಡಿ. ಲಿವರನ್ನ ಕೆಳಗಿನ ಕೊನೇ ಕ್ಲಿಕ್ಕಿಗೆ, ಅಂದ್ರೆ ಅತಿ ಚಿಕ್ಕ ಕಾಗಿನ ಜಾಗಕ್ಕೆ ತನ್ನಿ, ತಲೆ ಕೂತಿರೋ ತೂತು ಹೊರಗಿನ ತೂತಿನ ನೇರಕ್ಕೆ ಬರೋದು ಆಗ ಮಾತ್ರ. ಡಿರೈಲರ್ ಬೋಲ್ಟ್ ಬಿಚ್ಚಿ, ತುದಿಯ ಟೋಪಿ ಕತ್ತರಿಸಿ, ಕೇಬಲನ್ನ ಔಟರ್ ಕಡೆಯಿಂದ ಮೆಲ್ಲಗೆ ಒಳಗೆ ತಳ್ಳಿ. ತಲೆ ಎರಡು ಮಿಲಿಮೀಟರ್ ಹೊರಗೆ ಬಂದ್ರೂ ಸಾಕು, ಚೂಪು ಮೂತಿಯ ಇಕ್ಕಳದಲ್ಲಿ ಹಿಡಿದು ಎಳೀಬಹುದು. ಬರ್ತಿಲ್ಲ ಅಂದ್ರೆ ಚಾಚಿದ ಎಳೆಗಳನ್ನ ಒಂದೊಂದಾಗಿ ಕತ್ತರಿಸಿ ತೆಗೀರಿ, ಒಂದು ಚೂರೂ ಒಳಗೆ ಬಿಡ್ಬೇಡಿ, ಟಾರ್ಚ್ ಹಾಕಿ ಎಣಿಸಿ ಲೆಕ್ಕ ಇಟ್ಕೊಳ್ಳಿ.

ಇಳಿಜಾರು:
ನನಗೆ ಹೋದ ವರ್ಷ ದಾರಿ ಮಧ್ಯ ಪೂರ್ತಿ ಕಟ್ ಆಗಿತ್ತು. ಕೇಬಲ್ ಹೋದ್ರೆ ಡಿರೈಲರ್ ಅತಿ ಚಿಕ್ಕ ಕಾಗಿಗೆ ಹೋಗಿ ಕೂರುತ್ತೆ, ಮುಂದೆ ಬರೀ ಏರು. ಜೊತೆಗಿದ್ದವರು ಎಚ್ ಸ್ಕ್ರೂನ ಪೂರ್ತಿ ಒಳಗೆ ತಿರುಗಿಸಿ ಚೈನನ್ನ ಎರಡು ಕಾಗ್ ಒಳಕ್ಕೆ ತಂದು ನಿಲ್ಲಿಸಿಕೊಟ್ರು, ಮುಂದಿನ ಚಿಕ್ಕ ಚೈನ್‌ರಿಂಗ್ ಹಾಕ್ಕೊಂಡು ಮನೆ ಸೇರಿದೆ. ಅಲೆನ್ ಕೀ ಜೊತೆ ಚಿಕ್ಕ ಸ್ಕ್ರೂಡ್ರೈವರ್ ಇರೋ ಮಲ್ಟಿಟೂಲ್ ಅವತ್ತಿಂದ ಜೇಬಲ್ಲೇ ಇರುತ್ತೆ.

ಏರುದಾರಿ:
ತಲೆ ಹೊರಗೆ ಬಂತು. ನಲವತ್ತು ನಿಮಿಷ ಹಿಡೀತು, ಏಳೂ ಎಳೆ ಸಿಕ್ತು, ಬಿಳಿ ಕಾಗದದ ಮೇಲೆ ಇಟ್ಟು ಎಣಿಸಿದೆ. ಹೊಸ 1.2 ಮಿಲಿಮೀಟರ್ ಸ್ಟೀಲ್ ಕೇಬಲ್ ಹಾಕಿ, ಬಲಗಡೆ ಎಲ್ಲಾ ಔಟರ್ ಕೂಡ ಬದಲಾಯಿಸಿದೆ. ಕೊನೇಲಿ ಇಂಡೆಕ್ಸಿಂಗ್ (ಒಂದು ಕ್ಲಿಕ್ಕಿಗೆ ಒಂದೇ ಗೇರ್ ಬೀಳೋ ಹಾಗೆ ಹೊಂದಿಸೋದು) ಹೇಗೆ ಕೂರಿಸೋದು ಅಂತ ಒಂದ್ಸಲ ಹೇಳ್ತೀರಾ, ಈ ಸಲ ಅಂದಾಜಲ್ಲಿ ಮಾಡೋಕೆ ಮನಸ್ಸಿಲ್ಲ.

ಹಳೇ ಸ್ಪ್ಯಾನರ್:
ಅತಿ ಚಿಕ್ಕ ಕಾಗಲ್ಲಿ ಚೈನ್ ಇಟ್ಟು, ಬ್ಯಾರೆಲ್ ಪೂರ್ತಿ ಒಳಗೆ ತಿರುಗಿಸಿ ಒಂದೆರಡು ಸುತ್ತು ಹೊರಗೆ ತಂದು, ಕೇಬಲನ್ನ ಕೈಯಲ್ಲಿ ನೆಟ್ಟಗೆ ಎಳೆದು ಬೋಲ್ಟ್ ಬಿಗಿ ಮಾಡಿ. ಒಂದು ಕ್ಲಿಕ್ ಹತ್ತಿಸಿ, ಎರಡನೇ ಕಾಗಿಗೆ ಬರ್ಬೇಕು. ಅಲ್ಲೇ ಪೆಡಲ್ ತಿರುಗಿಸ್ತಾ, ಹಿಂದಿನಿಂದ ನೋಡಿದಾಗ ಗಡಿಯಾರಕ್ಕೆ ವಿರುದ್ಧವಾಗಿ ಬ್ಯಾರೆಲ್ ತಿರುಗಿಸ್ತಾ ಹೋಗಿ, ಚೈನ್ ಮೂರನೇ ಕಾಗನ್ನ ಸವರಿ ಸಣ್ಣಗೆ ಸದ್ದು ಬರುತ್ತೆ. ಆಗ ಸದ್ದು ನಿಲ್ಲೋವರೆಗೆ ಮಾತ್ರ ವಾಪಸ್ ತಿರುಗಿಸಿ. ಆಮೇಲೆ ಒಂದೊಂದೇ ಗೇರಿಗೆ ಹತ್ತಿಸಿ ಇಳಿಸಿ ನೋಡಿ.

ಏರುದಾರಿ:
ಆರು ನೂರು ಕಿಲೋಮೀಟರ್ ಆಯ್ತು. ಮೊದಲ ವಾರ ಒಂದು ಸಲ ಕಾಲು ಸುತ್ತು ತಿರುಗಿಸಿದ್ದು ಬಿಟ್ರೆ ಬ್ಯಾರೆಲ್ ಮುಟ್ಟಿಲ್ಲ. ಏರಲ್ಲಿ ಎದ್ದು ನಿಂತು ತುಳಿದ್ರೂ ಗೇರ್ ಇದ್ದಲ್ಲೇ ಇರುತ್ತೆ. ನಿನ್ನೆ ತಮ್ಮನ ಗಾಡಿಯ ಹುಡ್ ಕೂಡ ಎತ್ತಿ ನೋಡಿದೆ, ಅವನು ಗೇರ್ ಚೆನ್ನಾಗೇ ಬೀಳ್ತಿದೆ ಅಂತಿದ್ದ, ಅದರಲ್ಲೂ ಎರಡು ಎಳೆ ತುಂಡಾಗಿತ್ತು. ಭಾನುವಾರ ಕೂತು ಇಬ್ರೂ ಸೇರಿ ಅದನ್ನೂ ಬದಲಾಯಿಸ್ತೀವಿ.